ಮಶೇರಿ ಬಿಡಿಸುವ ಪಾಠ ಕನ್ನಡದಲ್ಲೇ ಆಗಲಿ

ತಂಬಾಕನ್ನು ಹಂಚಿನ ಮೇಲೆ ಕಪ್ಪಾಗುವವರೆಗೆ ಹುರಿದು ಪುಡಿ ಮಾಡಿದರೆ ಮಶೇರಿ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಅನೇಕರು, ಅದರಲ್ಲೂ ಹೆಣ್ಣುಮಕ್ಕಳು, ಇದರಿಂದಲೇ ಹಲ್ಲು ತಿಕ್ಕುತ್ತಾರೆ. ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರದ ಕನ್ನಡ ಮನೆಗಳಿಗೂ ಈ ರೂಢಿ ಹೊಸದಲ್ಲ. ಹಲ್ಲು ಗಟ್ಟಿಯಾಗುತ್ತವೆ, ನೋವು ಹೋಗುತ್ತದೆ ಎಂಬುದು ನಂಬಿಕೆ. ಆಗುವುದು ಬೇರೆ. ಒಸಡಿನ ಮೂಲಕ ನಿಕೋಟಿನ್ ರಕ್ತ ಸೇರಿ ಚಟ ಹಿಡಿಯುತ್ತದೆ. ಬೆಳಿಗ್ಗೆ ಮಾತ್ರ ತಿಕ್ಕುತ್ತಿದ್ದವರಿಗೆ ಮಧ್ಯಾಹ್ನ, ರಾತ್ರಿಯೂ ಬೇಕಾಗುತ್ತದೆ. ಒಸಡು ಹಾಳಾಗುತ್ತದೆ, ಬಾಯಿ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ.

ಮಾವಾ, ಗುಟ್ಕಾ, ಮಶೇರಿ ಮಕ್ಕಳಿಗೆ ಅಂಟುವುದು ಸಾಮಾನ್ಯವಾಗಿ ಹೈಸ್ಕೂಲಿನ ವಯಸ್ಸಿನಲ್ಲಿ. ಹಲ್ಲಿಗೂ ಅದೇ ನಾಜೂಕಿನ ಕಾಲ. 12–13ನೇ ವಯಸ್ಸಿಗೆ ಬಾಯಲ್ಲಿ 28 ಶಾಶ್ವತ ಹಲ್ಲುಗಳು ಬಂದಿರುತ್ತವೆ. ಹೋದರೆ ಮತ್ತೆ ಹುಟ್ಟುವುದಿಲ್ಲ. ಹಾರ್ಮೋನು ಬದಲಾವಣೆಯಿಂದ ಒಸಡು ಬೇಗ ಊದಿ ರಕ್ತ ಬರುತ್ತದೆ. ರಕ್ತ ಕಂಡು ಉಜ್ಜುವುದನ್ನೇ ಬಿಟ್ಟರೆ ಬಾವು ಹೆಚ್ಚುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಉಜ್ಜುತ್ತಲೇ ಇರಬೇಕು, ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರಬೇಕು. ಹುಳುಕು ಹಲ್ಲೂ ಅವರ ತಪಾಸಣೆಯ ಪಟ್ಟಿಯಲ್ಲಿದೆ. ಆದರೆ ವರ್ಷದಲ್ಲಿ ಒಂದು ದಿನ ಕೇಳಿದ ಮಾತಿನಿಂದ ರೂಢಿ ಬದಲಾಗದು. ಆ ಮಾತು ಮರಾಠಿಯಲ್ಲಿದ್ದರೆ ಇನ್ನೊಂದು ತೊಡಕು. ‘ಹಿರಡ್ಯಾ’ ಎಂದರೆ ಒಸಡು ಎಂದು ಹುಡುಗಿಗೆ ಗೊತ್ತಿರಬಹುದು. ಮನೆಗೆ ಹೋಗಿ ಆಯಿಗೆ, ಅವ್ವಗೆ ಹೇಳಬೇಕಾದದ್ದು ಮಾತ್ರ ಕನ್ನಡದಲ್ಲಿ. ಮಶೇರಿ ಡಬ್ಬಿ ಇರುವುದೂ ಆ ಮನೆಯಲ್ಲೇ. ಆ ಮಾತನ್ನು ಅವಳಿಗೆ ಶಾಲೆಯೇ ಕಲಿಸಿಕೊಡಬೇಕು.

ಇದಕ್ಕೆ ಬೇರೆ ಅನುದಾನ ಬೇಕಿಲ್ಲ. ವಿಜ್ಞಾನದ ತಾಸಿನಲ್ಲಿ ಮೊಟ್ಟೆಯ ಸಿಪ್ಪೆಯನ್ನು ವಿನೆಗರಿನಲ್ಲಿ ಹಾಕಿಟ್ಟು ಮರುದಿನ ಮುಟ್ಟಿ ನೋಡಲಿ. ಗಟ್ಟಿ ಸಿಪ್ಪೆ ಕರಗಿ ಮೆತ್ತಗಾಗಿರುತ್ತದೆ. ಸಿಹಿ ತಿಂದಾಗ ಬಾಯಲ್ಲಿನ ಸೂಕ್ಷ್ಮಜೀವಿಗಳು ಉತ್ಪಾದಿಸುವ ಆಮ್ಲವೂ ಹಲ್ಲಿನ ಹೊರಪದರವನ್ನು ಹೀಗೆಯೇ, ನಿಧಾನವಾಗಿ, ಕರಗಿಸುತ್ತದೆ. ಮಧ್ಯಾಹ್ನದ ಊಟದ ನಂತರ ಎಲ್ಲರೂ ಬಾಯಿ ಮುಕ್ಕಳಿಸಲಿ. ವಾರಕ್ಕೊಮ್ಮೆಯಾದರೂ ಮನೆಯಿಂದ ಬ್ರಷ್ ತಂದು ಗುರುಗಳ ಎದುರು ಎರಡು ನಿಮಿಷ ಉಜ್ಜಲಿ: ಫ್ಲೋರೈಡ್ ಪೇಸ್ಟ್ ಬಟಾಣಿ ಕಾಳಿನಷ್ಟು, ದವಡೆಯ ಒಳಬದಿಯೂ ಬಿಡದಂತೆ. ಮನೆಯಲ್ಲಿ ದಿನಕ್ಕೆರಡು ಸಲ, ರಾತ್ರಿಯದಂತೂ ತಪ್ಪಬಾರದು. ಭಾಷಣ ಕೇಳಿ ತಿಳಿವಳಿಕೆ ಬರುತ್ತದೆ. ರೂಢಿಯಾಗುವುದು ಮತ್ತೆ ಮತ್ತೆ ಮಾಡಿದಾಗ.

ಕಾನೂನೂ ಶಾಲೆಯ ಬೆಂಬಲಕ್ಕಿದೆ. 2003ರ ಕೇಂದ್ರ ಕಾಯ್ದೆಯಂತೆ 18 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಶಿಕ್ಷಣ ಸಂಸ್ಥೆಯ 100 ಗಜದೊಳಗೆ ಯಾರಿಗೂ ಮಾರುವಂತಿಲ್ಲ. ಗುಟ್ಕಾವನ್ನು ಮಹಾರಾಷ್ಟ್ರ 2012ರಲ್ಲೇ ನಿಷೇಧಿಸಿದೆ. ಶಾಲೆಯ ಗೇಟಿನೆದುರು ಪಾನ್ ಅಂಗಡಿ ಇದ್ದರೆ ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ಪಾಲಕರು ಆ ವಿಷಯ ಎತ್ತಬೇಕು.

ಚಟ ಹಿಡಿದ ಮಗುವನ್ನು ಎಲ್ಲರೆದುರು ಬೈದರೆ ಅದು ಕದ್ದು ತಿನ್ನುವುದನ್ನು ಕಲಿಯುತ್ತದೆ. ಬದಿಗೆ ಕರೆದು ಮಾತಾಡಿಸಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356. ಈ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ಕನ್ನಡದ ಒಂದು ಸಾಲಿನೊಂದಿಗೆ ಬರೆಸಿ. ಮಕ್ಕಳು ಅದನ್ನು ಅವ್ವಂದಿರಿಗೂ ಓದಿ ಹೇಳಲಿ.