ಹಲ್ಲು ಹುಳುಕಾಗುವುದೇಕೆ? ಎಷ್ಟು ಸಕ್ಕರೆ ಅನ್ನೋದಷ್ಟೇ ಅಲ್ಲ, ಎಷ್ಟು ಸಲ ಅನ್ನೋದೂ ಮುಖ್ಯ!

ಚೆನ್ನೈ: ಬೆಳಗ್ಗೆ ಎದ್ದ ಕೂಡಲೇ ಫಿಲ್ಟರ್ ಕಾಫಿ, ಹನ್ನೊಂದಕ್ಕೆ ಇನ್ನೊಂದು, ಸಂಜೆ ಮತ್ತೊಂದು. ಚೆನ್ನೈನ ಮೈಲಾಪುರದಲ್ಲಾಗಲಿ, ಬೆಂಗಳೂರಿನ ಬಸವನಗುಡಿಯಲ್ಲಾಗಲಿ ಇದು ಮಾಮೂಲು. ಆದರೆ ಪ್ರತಿ ಲೋಟದ ಸಕ್ಕರೆ ನಮ್ಮ ಬಾಯಲ್ಲಿರುವ ಬ್ಯಾಕ್ಟೀರಿಯಾಗಳಿಗೂ ಆಹಾರ.

ನಿಜಕ್ಕೂ ಹುಳ ಇದೆಯೇ?

ಇಲ್ಲ. ನಾವು ‘ಹುಳುಕು ಹಲ್ಲು’ ಎನ್ನುತ್ತೇವೆ, ತಮಿಳರು ‘ಪೂಚ್ಚಿ ಪಲ್’ ಎನ್ನುತ್ತಾರೆ. ಎರಡರಲ್ಲೂ ಹುಳದ ಮಾತಿದೆ, ಹಲ್ಲಿನಲ್ಲಿ ಮಾತ್ರ ಹುಳ ಇರುವುದಿಲ್ಲ. ಮುಖ್ಯ ಆರೋಪಿ ‘ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್’ ಎಂಬ ಬ್ಯಾಕ್ಟೀರಿಯಾ. 1924ರಲ್ಲಿ ಕಿಲಿಯನ್ ಕ್ಲಾರ್ಕ್ ಎಂಬ ವಿಜ್ಞಾನಿ ಇದನ್ನು ಹುಳುಕು ಹಲ್ಲಿನಿಂದಲೇ ಪತ್ತೆಹಚ್ಚಿದರು.

ಸಕ್ಕರೆ ಆಮ್ಲವಾಗುವುದು ಹೇಗೆ?

ಈ ಬ್ಯಾಕ್ಟೀರಿಯಾ ಸಕ್ಕರೆಯಿಂದ ಎರಡು ಕೆಲಸ ಮಾಡುತ್ತದೆ. ಒಂದು, ಅಂಟಿನಂಥ ವಸ್ತು ತಯಾರಿಸಿ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು, ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಾಯಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪಿಎಚ್ ಮಟ್ಟ ಸುಮಾರು 5.5ಕ್ಕಿಂತ ಕೆಳಗಿಳಿಯುತ್ತದೆ. ಆಗ ಹಲ್ಲಿನ ಹೊರಕವಚವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗತೊಡಗುತ್ತವೆ. ಇದನ್ನು ಸರಿಪಡಿಸಲು ಜೊಲ್ಲಿಗೆ ಅರ್ಧದಿಂದ ಒಂದು ಗಂಟೆ ಬೇಕು. ಅಷ್ಟರೊಳಗೆ ಮತ್ತೆ ಸಿಹಿ ಬಾಯಿಗೆ ಬಿದ್ದರೆ ದಾಳಿ ಮೊದಲಿನಿಂದ ಶುರು.

1940ರ ದಶಕದಲ್ಲಿ ಸ್ವೀಡನ್‌ನ ವಿಪೆಹೋಮ್ ಆಸ್ಪತ್ರೆಯಲ್ಲಿ ಆರಂಭವಾದ ಪ್ರಯೋಗವೂ ಇದನ್ನೇ ತೋರಿಸಿತು. ಊಟದ ಜತೆ ಸಿಹಿ ತಿಂದವರಿಗಿಂತ, ಊಟಗಳ ನಡುವೆ ಅಂಟು ಮಿಠಾಯಿ ತಿಂದವರ ಹಲ್ಲು ಹೆಚ್ಚು ಹಾಳಾಗಿತ್ತು. ಬೌದ್ಧಿಕ ಅಂಗವೈಕಲ್ಯವಿದ್ದವರ ಮೇಲೆ, ಅವರ ಒಪ್ಪಿಗೆಯಿಲ್ಲದೆ ನಡೆಸಿದ ಈ ಪ್ರಯೋಗ ಮುಂದೆ ತೀವ್ರ ಟೀಕೆಗೆ ಗುರಿಯಾಯಿತು.

ಮಕ್ಕಳ ಬಗ್ಗೆ ಎಚ್ಚರ

ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ಹಾಗಾಗಿ ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸಿದರೆ ಮುಂದಿನ ಹಲ್ಲುಗಳಿಗೇ ಮೊದಲ ಪೆಟ್ಟು. ಬೆಲ್ಲ, ಜೇನುತುಪ್ಪವೂ ಇದಕ್ಕೆ ಹೊರತಲ್ಲ.

ಏನು ಮಾಡಬೇಕು?

* ಸಿಹಿಯನ್ನು ಊಟ, ತಿಂಡಿಯ ಜತೆಗೇ ಮುಗಿಸಿ. ಕಾಫಿಯನ್ನು ಗಂಟೆಗಟ್ಟಲೆ ಗುಟುಕರಿಸಬೇಡಿ. ಸಿಹಿ ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ.
* ಬೆಳಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟ್‌ನಿಂದ ಹಲ್ಲುಜ್ಜಿ.
* ವಯಸ್ಕರಿಗೆ ದಿನಕ್ಕೆ ಸುಮಾರು 50 ಗ್ರಾಂ ಸಕ್ಕರೆಯೇ ಮಿತಿ, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಲ್ಲಿನ ಮೇಲೆ ಮಾಸಲು ಬಿಳಿ ಕಲೆ ಕಂಡರೆ ತಡಮಾಡದೆ ದಂತ ವೈದ್ಯರಿಗೆ ತೋರಿಸಿ. ಆ ಹಂತದಲ್ಲಿ ಹಾನಿಯನ್ನು ತಡೆಯಬಹುದು, ಸರಿಪಡಿಸಲೂಬಹುದು. ಒಮ್ಮೆ ತೂತು ಬಿದ್ದರೆ ಅದು ತಾನಾಗಿ ಮುಚ್ಚುವುದಿಲ್ಲ.