ಬಾರ್ಬೆಲ್ ಗಾಳಕ್ಕೆ ಯಾವ ದಾರ?

ಇಂಗ್ಲೆಂಡಿನ ಟ್ರೆಂಟ್, ಸೆವರ್ನ್, ವೈ ನದಿಗಳ ದಂಡೆಯಲ್ಲಿ ಗಾಳ ಹಾಕಿ ಕೂರುವವರಲ್ಲಿ ಬಹಳ ಮಂದಿಯ ಕಣ್ಣು ಬಾರ್ಬೆಲ್ ಮೀನಿನ ಮೇಲೆ. ಬಾಯಿಯ ಬಳಿ ನಾಲ್ಕು ಮೀಸೆ, ಕೆಳಮುಖವಾದ ದಪ್ಪ ತುಟಿ, ಉದ್ದನೆಯ ಗಟ್ಟಿ ಮೈ. ಹರಿವು ಜೋರಿರುವ ಕಡೆ ತಳದ ನುರುಜುಗಲ್ಲಿಗೆ ಹೊಟ್ಟೆ ತಾಗಿಸಿಕೊಂಡು ಮೇಯುತ್ತದೆ. ನಮ್ಮ ಕಾವೇರಿಯ ಮಹಶೀರ್ ಕೂಡ ಇದೇ ದೊಡ್ಡ ಕುಟುಂಬದ್ದು. ಗಾಳ ಸಿಕ್ಕಿದೊಡನೆ ಹರಿವನ್ನು ಬೆನ್ನಿಗೆ ಹಾಕಿಕೊಂಡು ಓಟ ಕೀಳುವ ಬುದ್ಧಿ ಎರಡಕ್ಕೂ ಇದೆ. ಹತ್ತು ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕಿಲೋ ದಾಟಿದ ಬಾರ್ಬೆಲ್ ಹಿಡಿದವರು ಅದನ್ನು ವರ್ಷಗಟ್ಟಲೆ ನೆನೆಯುತ್ತಾರೆ.

ಹಾಗೆ ಓಡುವಾಗ ಹೆಚ್ಚು ಪೆಟ್ಟು ತಿನ್ನುವುದು ರೀಲಿನಲ್ಲಿ ಸುತ್ತಿದ ಮುಖ್ಯ ದಾರವಲ್ಲ. ಅದರ ಕೊನೆಯ ಸ್ವಿವೆಲ್ ಎಂಬ ತಿರುಗುವ ಕೊಂಡಿಗೂ ಗಾಳಕ್ಕೂ ನಡುವೆ ಕಟ್ಟಿದ ಗಿಡ್ಡ ತುಂಡು. ಅಲ್ಲಿಯವರು ಇದನ್ನು ಹುಕ್‌ಲೆಂತ್ ಅನ್ನುತ್ತಾರೆ. ಕಲ್ಲಿಗೆ ಉಜ್ಜುವುದು ಇದು, ಮೀನಿನ ತುಟಿಗೆ, ಮೀಸೆಗೆ ಮೊದಲು ತಾಗುವುದೂ ಇದೇ. ಸಾಲದ್ದಕ್ಕೆ ಬಾರ್ಬೆಲ್‌ನ ಬೆನ್ನಿನ ರೆಕ್ಕೆಯ ಮುಂದಿನ ಮುಳ್ಳಿನ ಹಿಂಬದಿಯಲ್ಲಿ ಗರಗಸದ ಹಲ್ಲುಗಳಿವೆ. ಮೀನು ಹೊರಳಿದಾಗ ದಾರ ಅದಕ್ಕೆ ಸಿಕ್ಕಿದರೆ ಸುಮ್ಮನೆ ಬಿಡುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಉಂಡೆಯ ಮೇಲೆ ಅಚ್ಚಾದ ಪೌಂಡ್ ಲೆಕ್ಕ ನೋಡುವ ಮೊದಲು ನದಿಯ ತಳ ಎಂಥದ್ದೆಂದು ಕೇಳಿಕೊಳ್ಳಬೇಕು.

ಸಾದಾ ನೈಲಾನ್ ದಾರದಿಂದ ಶುರುಮಾಡೋಣ, ಏಕೆಂದರೆ ಅದನ್ನು ಹಗುರವಾಗಿ ಕಾಣುವವರೇ ಹೆಚ್ಚು. ಒಂದೇ ಎಳೆ, ಅಗ್ಗ, ಗಂಟು ಚೆನ್ನಾಗಿ ಕೂರುತ್ತದೆ. ಎಳೆದಾಗ ಸ್ವಲ್ಪ ಹಿಗ್ಗುತ್ತದೆ. ಮೀನು ಬಲೆಯ ಹತ್ತಿರ ಬಂದು ಕೊನೆಯ ಸಲ ತಲೆ ಕೊಡವಿದಾಗ ಆ ಹಿಗ್ಗೇ ಗಾಳವನ್ನು ಉಳಿಸುವುದು. ನೀರು ಹೀರಿ ಒಂದಷ್ಟು ಬಲ ಕಳೆದುಕೊಳ್ಳುತ್ತದೆ, ಬಿಸಿಲಿಗೂ ಸೋಲುತ್ತದೆ, ಅದು ನಿಜ. ಆದರೂ ಹೊಸಬರಿಗೆ ನಾನು ಹೇಳುವುದು ಇದನ್ನೇ. 12 ಪೌಂಡ್ ಮುಖ್ಯ ದಾರಕ್ಕೆ 10 ಪೌಂಡ್ ನೈಲಾನ್ ತುಂಡು ಕಟ್ಟಿಕೊಂಡರೆ ಬೇಸಿಗೆಯ ಬಹುಪಾಲು ದಿನಗಳು ಕಳೆಯುತ್ತವೆ.

ಫ್ಲೋರೋಕಾರ್ಬನ್ ಬಗ್ಗೆ ಮಾರಾಟದ ಮಾತು ಜಾಸ್ತಿ. ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಹೊರತಂದ ಈ ದಾರ ನೀರಿನಲ್ಲಿ ಕಾಣುವುದೇ ಇಲ್ಲ ಎನ್ನುತ್ತಾರೆ. ಬೆಳಕನ್ನು ಬಾಗಿಸುವ ಅಳತೆಯಲ್ಲಿ ನೀರು 1.33, ಫ್ಲೋರೋಕಾರ್ಬನ್ 1.42, ನೈಲಾನ್ 1.53ರ ಆಸುಪಾಸು. ನೀರಿಗೆ ಹತ್ತಿರ ಎಂಬುದು ಸರಿ, ಮಾಯ ಎಂಬುದು ಸುಳ್ಳು. ಕೆನೆಟ್‌ನಂಥ ಸುಣ್ಣಗಲ್ಲಿನ ತಿಳಿಯಾದ ಹೊಳೆಯಲ್ಲಿ ಆ ವ್ಯತ್ಯಾಸಕ್ಕೆ ಬೆಲೆಯಿದೆ. ಮಳೆ ಬಂದು ಚಹಾ ಬಣ್ಣಕ್ಕೆ ತಿರುಗಿದ ಸೆವರ್ನ್‌ನಲ್ಲಿ ಯಾರು ನೋಡುತ್ತಾರೆ? ಇದರ ನಿಜವಾದ ಗುಣ ಭಾರ ಮತ್ತು ಗಟ್ಟಿತನ. ಒಂದು ಘನ ಸೆಂಟಿಮೀಟರ್‌ಗೆ ನೈಲಾನ್ 1.14 ಗ್ರಾಂ ತೂಗಿದರೆ ಇದು 1.78. ತಾನಾಗಿಯೇ ತಳಕ್ಕೆ ಅಂಟಿ ಮಲಗುತ್ತದೆ, ಕಲ್ಲಿನ ಉಜ್ಜಾಟವನ್ನು ತಡೆಯುತ್ತದೆ. ತಳದಿಂದ ಎದ್ದು ನಿಂತ ದಾರಕ್ಕೆ ಮೀನಿನ ಎದೆಯ ರೆಕ್ಕೆ ತಾಗಿತೋ, ಮೀನು ಹೆದರಿ ಹೋಯಿತು. ಹಾಗಾಗಿ ಮಲಗುವ ಗುಣ ಕಾಣದಿರುವ ಗುಣಕ್ಕಿಂತ ದೊಡ್ಡದು.

ಇದರ ತಂಟೆ ಇರುವುದು ಗಂಟಿನಲ್ಲಿ. ಒಣಗಿದ್ದಾಗಲೇ ಎಳೆದು ಬಿಗಿದರೆ ಉಜ್ಜಾಟದ ಬಿಸಿಗೆ ದಾರ ಸುರುಳಿಗಟ್ಟಿ, ಗಂಟಿನ ಬುಡದಲ್ಲಿ ಬಿಳಿಚಿಕೊಳ್ಳುತ್ತದೆ. ಆ ಬಿಳಿ ಗೀರು ಕಂಡರೆ ಕತ್ತರಿಸಿ ಮತ್ತೆ ಕಟ್ಟಿ. ಬಾಯಿಗಿಟ್ಟು ಎಂಜಲಿನಲ್ಲಿ ತೋಯಿಸಿ, ನಿಧಾನವಾಗಿ ಒಂದೇ ಹದದಲ್ಲಿ ಎಳೆಯಬೇಕು. ಸುತ್ತುಗಳು ಒಂದರ ಪಕ್ಕ ಒಂದು ಕೂತವೇ ಎಂದು ನೋಡಿ, ಆಮೇಲೆ ಗಾಳವನ್ನು ಯಾವುದಾದರೂ ಕೊಕ್ಕೆಗೆ ಸಿಕ್ಕಿಸಿ ಜಗ್ಗಿ ಪರೀಕ್ಷಿಸಬೇಕು.

ಹೆಣೆದ ದಾರದ ದಾರಿಯೇ ಬೇರೆ. ಡೈನೀಮಾದಂಥ ಪಾಲಿಎಥಿಲೀನ್ ಎಳೆಗಳನ್ನು ಜಡೆ ಹಾಕಿದ ದಾರ ಇದು. ಅಷ್ಟೇ ಬಲದ ನೈಲಾನ್‌ಗಿಂತ ತುಂಬ ತೆಳು, ತುಂಬ ಮೆದು. ಮೀನು ಎರೆಯನ್ನು ಬಾಯೊಳಗೆ ಸೆಳೆದುಕೊಂಡಾಗ ಎಲ್ಲೂ ತಡೆಯಾಗುವುದಿಲ್ಲ. ಗಾಳದ ಹೊರಗೆ ಕೂದಲಿನಂಥ ಎಳೆಯಲ್ಲಿ ಪೆಲೆಟ್ ನೇತುಹಾಕುವ ಕಟ್ಟಿಗೆ ಇಷ್ಟು ಹೊಂದುವ ದಾರ ಮತ್ತೊಂದಿಲ್ಲ. ಆದರೆ ಹಿಗ್ಗುವುದಿಲ್ಲ, ಕಲ್ಲಿನ ಅಂಚಿಗೆ ತಾಗಿದರೆ ಬೇಗ ಹರಿಯುತ್ತದೆ, ಸಾಂದ್ರತೆ 0.97 ಆದ್ದರಿಂದ ತೇಲುತ್ತದೆ, ಎಸೆಯುವಾಗ ಸೀಸಕ್ಕೆ ಸುತ್ತಿಕೊಳ್ಳುವ ಚಟ ಬೇರೆ. ತೇಲುವುದನ್ನು ತಡೆಯಲು ನಡುವೆ ಟಂಗ್‌ಸ್ಟನ್ ಪುಟ್ಟಿಯ ಸಣ್ಣ ಉಂಡೆ ಒತ್ತುತ್ತಾರೆ. ದಂಡೆ ಕುಸಿಯದಂತೆ ಬಂಡೆ ಪೇರಿಸಿದ ಟ್ರೆಂಟ್‌ನ ಕೆಳ ಭಾಗದಲ್ಲಿ, ಬಂಡೆಮೆಟ್ಟಿಲುಗಳ ವೈ ನದಿಯಲ್ಲಿ ಬರಿಯ ಹೆಣೆದ ದಾರವನ್ನು ನಂಬಿ ಕೂರುವುದು ಮೀನಿಗೆ ಮಾಡುವ ಅನ್ಯಾಯ. ತುಟಿಯಲ್ಲಿ ಗಾಳ, ಹಿಂದೆ ಎರಡಡಿ ದಾರ ಎಳೆದುಕೊಂಡು ಓಡಾಡುವುದು ಅದೇ ತಾನೆ?

ಬಿರುಸು ದಾರ, ಮೆದು ದಾರ ಎರಡರ ಲಾಭವನ್ನೂ ಒಟ್ಟಿಗೆ ಪಡೆಯಲು ಜನ ಎರಡು ಉಪಾಯ ಮಾಡಿಕೊಂಡಿದ್ದಾರೆ. ಒಂದು, ಮೇಲ್ಲೇಪವಿರುವ ಹೆಣೆದ ದಾರ. ಗಾಳದ ಪಕ್ಕದ ಎರಡು ಮೂರು ಅಂಗುಲದಷ್ಟು ಲೇಪವನ್ನು ಉಗುರಿನಿಂದ ಸುಲಿದರೆ ಅಲ್ಲಿ ಮಾತ್ರ ಮೆದು, ಉಳಿದದ್ದು ಬಿರುಸು. ಇನ್ನೊಂದು, ಉದ್ದಕ್ಕೂ ಫ್ಲೋರೋಕಾರ್ಬನ್ ಇಟ್ಟು ಕೊನೆಯ ಕೆಲವು ಅಂಗುಲಕ್ಕೆ ಹೆಣೆದ ದಾರವನ್ನು ಆಲ್‌ಬ್ರೈಟ್ ಗಂಟಿನಿಂದ ಸೇರಿಸುವುದು. ಎರಡನೆಯದು ನನಗೆ ಹೆಚ್ಚು ಇಷ್ಟ. ಆದರೆ ಸೇರುವ ಗಂಟು ಕಟ್ಟುವುದು ಮನೆಯ ಮೇಜಿನ ಮೇಲೆ ಆಗಬೇಕಾದ ಕೆಲಸ. ಕತ್ತಲಲ್ಲಿ, ತಣ್ಣಗಾದ ಬೆರಳಿನಲ್ಲಿ ಅದು ಕೂರುವುದಿಲ್ಲ.

ಉದ್ದವನ್ನು ನೀರಿನ ಬಣ್ಣ ತೀರ್ಮಾನಿಸುತ್ತದೆ. ತಿಳಿನೀರಿನಲ್ಲಿ, ಗಾಳದ ರುಚಿ ಕಂಡ ಮೀನಿಗೆ ಮೂರು ನಾಲ್ಕು ಅಡಿ ಬೇಕು. ಸೀಸ, ಮುಖ್ಯ ದಾರ ಎರಡೂ ದೂರ ಇರಲಿ ಎಂದು. ಕೆಂಪು ನೀರಿನಲ್ಲಿ ಮೀನು ವಾಸನೆಯಿಂದ, ಮೀಸೆಯಿಂದ ಹುಡುಕುತ್ತದೆ. ಎರೆಯು ಫೀಡರ್‌ನಿಂದ, ಅಂದರೆ ಮೇವು ತುಂಬಿ ಎಸೆಯುವ ಸಣ್ಣ ಡಬ್ಬಿಯಿಂದ, ಹೊರಬರುವ ಪುಡಿಯ ಹತ್ತಿರವೇ ಬಿದ್ದಿರುವುದು ಒಳ್ಳೆಯದು, ಅಡಿಯಷ್ಟಿದ್ದರೆ ಸಾಕು. ಬಲವೂ ಹಾಗೆಯೇ. ಸಣ್ಣ ತೊರೆಯಲ್ಲಿ 8 ಪೌಂಡ್ ನಡೆದೀತು, ಪ್ರವಾಹದ ಟ್ರೆಂಟ್‌ಗೆ 12ಕ್ಕೆ ಕಡಿಮೆ ಬೇಡ. ತೀರ ಸಣ್ಣ ದಾರ ಹಾಕಿ ಅರ್ಧ ಗಂಟೆ ಆಡಿಸುವುದನ್ನು ಕೌಶಲ ಎಂದುಕೊಳ್ಳುವವರಿದ್ದಾರೆ. ಬಾರ್ಬೆಲ್ ಮೈಯಲ್ಲಿ ತ್ರಾಣ ಇರುವವರೆಗೂ ಕಾದಾಡುವ ಮೀನು. ಬೇಸಿಗೆಯ ಬೆಚ್ಚನೆಯ, ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ ಅದನ್ನು ಸುಸ್ತುಮಾಡಿ ಬಿಟ್ಟರೆ ಬದುಕುವ ಭರವಸೆಯಿಲ್ಲ.

ಹುಕ್‌ಲೆಂತ್ ಮುಖ್ಯ ದಾರಕ್ಕಿಂತ ಒಂದೆರಡು ಪೌಂಡ್ ಕಡಿಮೆ ಇರಬೇಕೆನ್ನುವುದೂ ಇದೇ ಕಾಳಜಿಯಿಂದ. ಬೇರಿಗೆ ಸಿಕ್ಕಿದರೆ ಹರಿಯುವುದು ಗಾಳದ ಬಳಿಯೇ ಆಗಲಿ. ಸೀಸವೂ ಮುಖ್ಯ ದಾರದ ಮೇಲೆ ಸರಾಗವಾಗಿ ಜಾರುವಂತೆ ಇರಲಿ. ಮೇಲೆ ಎಲ್ಲೋ ದಾರ ಹರಿದರೂ ಮೀನು ಅದನ್ನು ಕಳಚಿಕೊಂಡು ಹೋಗಬೇಕು.

ಆ ದೇಶದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಯಾರಿಗಾದರೂ ಈ ಹುಚ್ಚು ಹತ್ತಿದರೆ ಇದನ್ನೂ ತಿಳಿದಿರಿ. ಗಾಳ ಹಾಕಲು ಲೈಸೆನ್ಸ್ ಬೇಕು, ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಬಾರ್ಬೆಲ್ ಹಿಡಿಯುವಂತಿಲ್ಲ. ಆ ಮೂರು ತಿಂಗಳು ಹುಕ್‌ಲೆಂತ್‌ಗಳನ್ನು ಕಟ್ಟಿ ಇಟ್ಟುಕೊಳ್ಳಲು ಇರುವ ಬಿಡುವು. ನದಿಯಲ್ಲಿ ಪ್ರತಿ ಮೀನಿನ ನಂತರ ದಾರದ ಕೊನೆಯ ಒಂದಡಿಯನ್ನು ಹೆಬ್ಬೆರಳ ಉಗುರಿಗೂ ತೋರುಬೆರಳಿಗೂ ನಡುವೆ ಮೆಲ್ಲಗೆ ಎಳೆದು ನೋಡಿ. ಉಗುರಿಗೆ ಒರಟು ತಗುಲಿತೋ, ಬಿಚ್ಚಿ ಹೊಸದು ಹಾಕಿ. ಕತ್ತರಿಸಿದ ತುಂಡು ದಂಡೆಯಲ್ಲಿ ಬಿದ್ದರೆ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಜೇಬಿಗೆ ಹಾಕಿಕೊಳ್ಳಿ.