ಆಕಾಶಕ್ಕೊಂದು ಕೂಲಿಂಗ್ ಗ್ಲಾಸ್

ಮರವಂತೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ನಮ್ಮ ಕಣ್ಣಿಗೆ ಕೆಂಪು ಮೋಡವೂ ಕಾಣುತ್ತದೆ, ದಡಕ್ಕೆ ಹಾಕಿದ ಕಲ್ಲುಗಳ ಮೇಲಿನ ಪಾಚಿಯೂ ಕಾಣುತ್ತದೆ. ಕ್ಯಾಮೆರಾಕ್ಕೆ ಅಷ್ಟು ಹಿಡಿತವಿಲ್ಲ. ಆಕಾಶಕ್ಕೆ ಎಕ್ಸ್‌ಪೋಷರ್ ಹೊಂದಿಸಿದರೆ ಕಲ್ಲು ಮಸಿಯಾಗುತ್ತದೆ. ಕಲ್ಲಿಗೆ ಹೊಂದಿಸಿದರೆ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ನನ್ನ ಬ್ಯಾಗಿನಲ್ಲಿ ಸದಾ ಇರುವ ಗ್ರಾಜುಯೇಟೆಡ್ ಎನ್‌ಡಿ ಫಿಲ್ಟರ್ ಇದಕ್ಕೇ ಇರುವುದು. ಮೇಲರ್ಧ ಬೂದುಗಪ್ಪು, ಕೆಳಗರ್ಧ ತಿಳಿಗಾಜು. ಲೆನ್ಸಿನ ಮುಂದೆ ಇಟ್ಟರೆ ಆಕಾಶದ ಬೆಳಕು ಮಾತ್ರ ಕಡಿಮೆಯಾಗುತ್ತದೆ, ಬಣ್ಣ ಬದಲಾಗುವುದಿಲ್ಲ. ಆದರೆ ಅಗ್ಗದ ಫಿಲ್ಟರುಗಳು ಮೋಡಕ್ಕೆ ನೇರಳೆ ಛಾಯೆ ಬಳಿಯುವುದುಂಟು.

ಈ ತಾಪತ್ರಯ ಫೋಟೊಗ್ರಫಿಯಷ್ಟೇ ಹಳೆಯದು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1857ರ ತನ್ನ ಪ್ರಸಿದ್ಧ ಅಲೆಯ ಚಿತ್ರಕ್ಕೆ ಆಕಾಶದ್ದೊಂದು, ಸಮುದ್ರದ್ದೊಂದು ನೆಗೆಟಿವ್ ತೆಗೆದು, ಕ್ಷಿತಿಜದ ಗೆರೆಯಲ್ಲಿ ಎರಡನ್ನೂ ಸೇರಿಸಿ ಪ್ರಿಂಟ್ ಹಾಕಿದ. ಸ್ಲೈಡ್ ಫಿಲ್ಮಿನ ಕಾಲಕ್ಕೆ ಬಂದರೆ, ಅಮೆರಿಕದ ಪರ್ವತಾರೋಹಿ ಗ್ಯಾಲನ್ ರೋವೆಲ್ ಈ ಫಿಲ್ಟರುಗಳನ್ನು ಜನಪ್ರಿಯಗೊಳಿಸಿದರು.

ಲೆಕ್ಕ ಸುಲಭ. ಎಫ್ 11, ಐಎಸ್‌ಒ 100 ಇಟ್ಟು ಸ್ಪಾಟ್ ಮೀಟರಿನಲ್ಲಿ ಒದ್ದೆ ಮರಳನ್ನು ಅಳೆಯಿರಿ. ಕಾಲು ಸೆಕೆಂಡ್ ಬಂತೆನ್ನಿ. ಸೂರ್ಯನನ್ನು ಬಿಟ್ಟು ಪಕ್ಕದ ಆಕಾಶ ಅಳೆದರೆ 1/60. ಅಂದರೆ 4 ಸ್ಟಾಪ್ ಅಂತರ (ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್). ಇಲ್ಲಿ 0.9 ಎಂದು ಬರೆದ, 3 ಸ್ಟಾಪಿನ ಫಿಲ್ಟರ್ ಹಾಕಿ ಮರಳಿನ ಕಾಲು ಸೆಕೆಂಡಿಗೇ ಕ್ಲಿಕ್ಕಿಸುತ್ತೇನೆ. ಉಳಿದ ಒಂದು ಸ್ಟಾಪನ್ನು ಬೇಕೆಂದೇ ಬಿಡುವುದು. ಆಕಾಶ ನೆಲಕ್ಕಿಂತ ಬೆಳಗಿರಲೇಬೇಕು. ರಸ್ತೆಯ ಆಚೆ ಬದಿಯ ಸೌಪರ್ಣಿಕಾ ನದಿಯನ್ನು ನೋಡಿ: ನೀರಿನೊಳಗಿನ ಮೋಡ ಮೇಲಿನ ಮೋಡಕ್ಕಿಂತ ಸ್ವಲ್ಪ ಮಬ್ಬಾಗಿಯೇ ಇರುತ್ತದೆ. ಪ್ರತಿಬಿಂಬ ಬೆಳ್ಳಗೆ, ಆಕಾಶ ಕಪ್ಪಗೆ ಇರುವ ಫೋಟೊಗಳು ಬಹುಮಾನ ಪಡೆದದ್ದನ್ನೂ ಕಂಡಿದ್ದೇನೆ. ನನಗೆ ಅವನ್ನು ಒಪ್ಪಲಾಗುವುದಿಲ್ಲ.

ಕಪ್ಪು ಮತ್ತು ತಿಳಿ ಸೇರುವ ಅಂಚು ಹೇಗಿದೆ ಎಂಬುದೂ ಮುಖ್ಯ. ಕಡಲಿನ ನೇರ ಕ್ಷಿತಿಜಕ್ಕೆ ಥಟ್ಟನೆ ಬದಲಾಗುವ ಹಾರ್ಡ್ ಅಂಚು ಸರಿ. ಅದನ್ನೇ ಹಂಪಿಯ ಮಾತಂಗ ಬೆಟ್ಟಕ್ಕೆ ಒಯ್ದರೆ ಬಂಡೆಗಳ ನೆತ್ತಿಯೆಲ್ಲ ಕರಿದಾಗುತ್ತದೆ. ಅಲ್ಲಿಗೆ ನಿಧಾನವಾಗಿ ತಿಳಿಯಾಗುವ ಸಾಫ್ಟ್ ಬೇಕು. ಲೈವ್ ವ್ಯೂ ನೋಡುತ್ತಾ ಫಿಲ್ಟರನ್ನು ಮೇಲೆ ಕೆಳಗೆ ಮೆಲ್ಲಗೆ ಸರಿಸಿ. ನಿಂತಾಗ ಕಾಣದ ಅಂಚು ಅಲುಗಿದಾಗ ಕಾಣುತ್ತದೆ.

ಎರಡು ಮೂರು ಎಕ್ಸ್‌ಪೋಷರ್ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಬಹುದಲ್ಲ ಎನ್ನುವವರಿದ್ದಾರೆ. ಕದಲದ ಬೆಟ್ಟ, ಗುಡಿಗಳಿಗೆ ಅದು ಒಳ್ಳೆಯ ದಾರಿಯೇ. ಗೋಪುರವೊಂದು ಆಕಾಶಕ್ಕೆ ಚಾಚಿದ್ದರೆ ಫಿಲ್ಟರಿಗಿಂತ ಅದೇ ಮೇಲು. ಆದರೆ ಅಲೆ ಮುಂದಿನ ಕ್ಲಿಕ್ಕಿಗೆ ಕಾಯುವುದಿಲ್ಲ. ಕಲ್ಲಿಗೆ ಬಡಿದು ಹಿಂದಕ್ಕೆ ಜಾರುವ ನೊರೆ ಕಾಲು ಸೆಕೆಂಡಿನಲ್ಲಿ ಎಳೆಯುವ ಬಿಳಿ ಗೆರೆಗಳು ಒಂದೇ ಚಿತ್ರದಲ್ಲಿ, ಅದೇ ಕ್ಷಣದ ಆಕಾಶದ ಕೆಳಗೆ ಸಿಗಬೇಕು ಎನ್ನುವುದು ನನ್ನ ಹಟ. ಗಾಳಿಗೆ ಬಾಗುವ ಭತ್ತದ ಗದ್ದೆಗೂ ಇದೇ ಮಾತು.

ಕೊಳ್ಳುವುದಾದರೆ ತಿರುಗಿಸಿ ಕೂರಿಸುವ ದುಂಡನೆಯದು ಬೇಡ. ಅದರ ಅಂಚು ಸಾಮಾನ್ಯವಾಗಿ ಚಿತ್ರದ ನಡುವಿಗೇ ಕಟ್ಟುಬಿದ್ದಿರುತ್ತದೆ. 100 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದದ ಆಯತಾಕಾರದ್ದು ಮತ್ತು ಅದರ ಹೋಲ್ಡರ್ ತೆಗೆದುಕೊಳ್ಳಿ. ಮೊದಲನೆಯದು 2 ಸ್ಟಾಪಿನ ಸಾಫ್ಟ್ ಇರಲಿ. ಜೊತೆಗೆ ಮೆತ್ತನೆಯ ಒಣಬಟ್ಟೆ ಎರಡಾದರೂ ಇಟ್ಟುಕೊಳ್ಳಿ. ಕಡಲ ತುಂತುರಿನ ಒಂದೇ ಹನಿ ಗಾಜಿನ ಮೇಲೆ ಉಳಿದರೂ, ಇಳಿಬಿಸಿಲು ತಾಗಿ ಚಿತ್ರದಲ್ಲಿ ದೊಡ್ಡ ಕಲೆಯಾಗಿ ಬೀಳುತ್ತದೆ.